ಗಾಳಿ ಕಾಯಿಸಿದ ಪ್ರಸಂಗ

ಕನ್ನಡ ಸಂಘದ ಹುಡುಗರು ಮನೆಗೆ ಬಂದು, "ಸಾರ್, ನೀವು ನಮ್ಮ ಕಾಲೇಜಿನ ಹಳೇ ವಿದ್ಯಾರ್ಥಿ, ಈ ಸಂಚಿಕೆಗೆ ಒಂದು ಪ್ರಬಂಧ ಕೊಡಲೇಬೇಕು" ಎಂದು ಹಟ ಹಿಡಿದರು. "ಯಾವುದರ ಮೇಲೆ ಬರೀಲಪ್ಪ?" ಎಂದೆ. "ಯಾವುದಾದ್ರೂ ಸರಿ ಸಾರ್. ಮಳೆ, ಊರಿನ ಜಾತ್ರೆ, ಅಜ್ಜಿ..." ಎಂದರು. ಮಳೆಯ ಮೇಲೂ ಅಜ್ಜಿಯ ಮೇಲೂ ಈ ಪುಟಗಳಲ್ಲಿ ನನಗಿಂತ ಚೆನ್ನಾಗಿ ಬರೆದವರಿದ್ದಾರೆ. ನನಗೆ ಸ್ವಲ್ಪ ಗಟ್ಟಿಯಾಗಿ ಗೊತ್ತಿರುವುದು ಒಂದೇ ವಿಷಯ. ಗ್ಯಾಸ್ ಉರಿಸುವ ಕುಲುಮೆಗೆ ಹೋಗುವ ಗಾಳಿಯನ್ನು ಮೊದಲೇ ಕಾಯಿಸುವುದು ಹೇಗೆ ಎಂಬುದು. ನಗಬೇಡಿ ಮಿತ್ರರೆ, ಇದರಲ್ಲೂ ಒಂದು ಕಥೆ ಇದೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಹೇಳಹೊರಟರೆ ಅಜ್ಜಿಯೇ ಮೊದಲು ನೆನಪಾಗುತ್ತಾಳೆ. ಭದ್ರಾವತಿಯ ನಮ್ಮ ಮನೆಯ ಅಡಿಗೆ ಒಲೆಗೆ ಒಂದು ಕೋಡೊಲೆ ಇತ್ತು. ಮುಂದಿನ ಬಾಯಲ್ಲಿ ಸೌದೆ ಉರಿದು ಅನ್ನ ಬೇಯುವಾಗ, ಹಿಂದಕ್ಕೆ ಹಾಯುವ ಬಿಸಿ ಕೋಡೊಲೆಯ ಮೇಲಿಟ್ಟ ನೀರನ್ನೋ ಹಾಲನ್ನೋ ಕಾಯಿಸುತ್ತಿತ್ತು. "ಉರಿ ಸುಮ್ನೆ ಹೊಗೆಗೂಡಿಗೆ ಹೋಗ್ಬಾರ್ದು ಕಣೋ, ಅದಕ್ಕೂ ಒಂದು ಕೆಲಸ ಹೇಳ್ಬೇಕು" ಎನ್ನುತ್ತಿದ್ದಳು. ಕಾರ್ಖಾನೆಯವರು ಮಾಡುವುದೂ ಇದನ್ನೇ. ಆದರೆ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಅಜ್ಜಿ ಉಳಿದ ಬಿಸಿಗೆ ಬೇರೆ ಕೆಲಸ ಹೇಳುತ್ತಿದ್ದಳು. ಅವರು ಆ ಬಿಸಿಯನ್ನು ಅದೇ ಬೆಂಕಿಗೆ ವಾಪಸು ಕೊಡುತ್ತಾರೆ. ಹೊರಗೆ ಹೋಗುವ ಬಿಸಿ ಹೊಗೆಯ ದಾರಿಯಲ್ಲಿ ಕೊಳವೆಗಳನ್ನಿಟ್ಟು, ಅವುಗಳೊಳಗೆ ತಣ್ಣನೆ ಗಾಳಿ ಹರಿಸಿ, ಹಾಗೆ ಕಾದ ಗಾಳಿಯನ್ನು ಉರಿಯ ಬಾಯಿಗೆ ಬಿಡುತ್ತಾರೆ. ಈ ಕೊಳವೆಗಳ ಗೂಡಿಗೆ ರಿಕ್ಯುಪರೇಟರ್ ಎಂದು ಹೆಸರು.

ನನ್ನ ಸೋದರಮಾವ ಸೂರತ್‌ನ ಕತಾರ್‌ಗಾಮ್‌ನಲ್ಲಿ ಇದ್ದ. ನಮ್ಮ ತಾತ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆ ಕೆಲಸ ಮಾಡಿದವರು. 1923ರಲ್ಲಿ ಇದ್ದಿಲಿನಿಂದ ಕಬ್ಬಿಣ ಕರಗಿಸಲು ಶುರುಮಾಡಿದ, ವಿಶ್ವೇಶ್ವರಯ್ಯನವರು ನಿಂತು ಬೆಳೆಸಿದ ಕಾರ್ಖಾನೆ ಅದು. ಮಾವನ ಕಾಲಕ್ಕೆ ಅಲ್ಲಿ ಹೊಸಬರಿಗೆ ಕೆಲಸ ಸಿಗುವುದು ಕಷ್ಟವಾಗಿತ್ತು. ಯಾರೋ ಕರೆದರು ಎಂದು ಸೂರತ್ತಿಗೆ ಹೋದವನು ಅಲ್ಲೇ ನಿಂತ. ಕಬ್ಬಿಣದ ತುಂಡುಗಳನ್ನು ಕೆಂಪಗೆ ಕಾಯಿಸಿ ಬಡಿಯುವ ಒಂದು ಸಣ್ಣ ಕಾರ್ಖಾನೆಯಲ್ಲಿ ಗ್ಯಾಸ್ ಭಟ್ಟಿಯ ಮೇಸ್ತ್ರಿಯಾದ. ನನ್ನ ಕಾಲೇಜು ಫೀಸು ಬರುತ್ತಿದ್ದುದು ಅವನ ಮನಿಯಾರ್ಡರಿನಿಂದ.

2008ರ ಬೇಸಿಗೆ. ಬಿ.ಎಸ್ಸಿ. ಎರಡನೆಯ ವರ್ಷ ಮುಗಿಸಿ ಬೀರೂರಿನಲ್ಲಿ ರೈಲು ಹತ್ತಿದೆ. ಕತಾರ್‌ಗಾಮ್ ಎಂದರೆ ಒಂದು ಊರೊಳಗೆ ಹತ್ತು ಊರು. ಒಂದು ಬೀದಿಯಲ್ಲಿ ವಜ್ರ ಉಜ್ಜುವ ಸಾಣೆಗಳ ಗುಂಯ್‌ಗುಡುವ ಸದ್ದು, ಪಕ್ಕದ ಬೀದಿಯಲ್ಲಿ ಮಗ್ಗದ ಟಕಟಕ. "ಚಳಿಗಾಲದಲ್ಲಿ ಬರ್ಬೇಕಿತ್ತು ಅಳಿಯಾ, ಇಲ್ಲಿನ ಪಾಪಡಿ ಅಂದ್ರೆ ಇಡೀ ಗುಜರಾತು ಬಾಯಿ ಬಿಡುತ್ತೆ. ನಮ್ಮ ಅವರೆಕಾಯಿಯ ತಂಗಿ ಕಣೋ ಅದು" ಎಂದು ಮಾವ ಪರಿಚಯ ಮಾಡಿಕೊಟ್ಟ. ಒಂದೇ ಕೋಣೆ. ಅದರಲ್ಲಿ ಮಾವ, ನಾನು ಮತ್ತು ಮಾವನ ಕೈಕೆಳಗೆ ಕೆಲಸ ಮಾಡುತ್ತಿದ್ದ ಒಡಿಶಾದ ಗಂಜಾಂ ಜಿಲ್ಲೆಯ ಒಬ್ಬ ಹುಡುಗ. ನನಗಿಂತ ಒಂದು ವರ್ಷ ಚಿಕ್ಕವನು. ರಾತ್ರಿ ಅನ್ನ ಬಸಿಯುವವನು ಅವನೇ, ನನಗೆ ಹಾಸಿಗೆ ಬಿಟ್ಟುಕೊಟ್ಟು ನೆಲದ ಮೇಲೆ ಮಲಗುತ್ತಿದ್ದವನೂ ಅವನೇ.

ಭಟ್ಟಿಯ ವಿಷಯ ಸ್ವಲ್ಪ ಹೇಳಬೇಕು. ಅದೊಂದು ಎತ್ತರದ ಉಕ್ಕಿನ ಪೀಪಾಯಿ. ಮೇಲಿನಿಂದ ಕಲ್ಲಿದ್ದಲು, ಕೆಳಗಿನಿಂದ ಗಾಳಿ ಮತ್ತು ನೀರಿನ ಹಬೆ. ಇದ್ದಿಲು ಪೂರ್ತಿ ಉರಿಯಲು ಬೇಕಾದಷ್ಟು ಗಾಳಿ ಕೊಡುವುದಿಲ್ಲ. ಅರೆಹೊಟ್ಟೆಯಲ್ಲಿಟ್ಟರೆ ಅದು ಬೂದಿಯಾಗುವ ಮೊದಲು ಗ್ಯಾಸ್ ಕೊಡುತ್ತದೆ. ಅದರಲ್ಲಿ ಸುಮಾರು ಕಾಲು ಭಾಗ ಕಾರ್ಬನ್ ಮಾನಾಕ್ಸೈಡ್, ಒಂದಷ್ಟು ಜಲಜನಕ, ಅರ್ಧದಷ್ಟು ಏನಕ್ಕೂ ಬಾರದ ಸಾರಜನಕ. ಹೀಗಾಗಿ ಒಂದು ಘನಮೀಟರಿಗೆ 1,200ರಿಂದ 1,400 ಕಿಲೋಕ್ಯಾಲರಿ ಸಿಕ್ಕಿದರೆ ಹೆಚ್ಚು. ಭೂಮಿಯಿಂದ ಬರುವ ನೈಸರ್ಗಿಕ ಅನಿಲದಲ್ಲಿ ಅದರ ಆರು ಪಟ್ಟಿಗೂ ಮೇಲೆ ಶಾಖವಿದೆ. ಬಡ ಗ್ಯಾಸು. ಇಂಥ ಬಡ ಗ್ಯಾಸಿನಿಂದ ಕಬ್ಬಿಣ ಕೆಂಪಗಾಗಬೇಕಾದರೆ ಅದನ್ನು ಉರಿಸುವ ಗಾಳಿ ಬಿಸಿಯಾಗಿಯೇ ಬರಬೇಕು. ಮಾವನ ಕಾರ್ಖಾನೆಯಲ್ಲಿ ಕುಲುಮೆಯ ಹೊಗೆದಾರಿಯಲ್ಲಿ ರಿಕ್ಯುಪರೇಟರ್ ಇತ್ತು. ಗಾಳಿ ಸುಮಾರು 300 ಡಿಗ್ರಿಗೆ ಕಾದು ಬರ್ನರಿಗೆ ಹೋಗುತ್ತಿತ್ತು.

ಅದೇ ಬಿಸಿಗಾಳಿಯ ಕೊಳವೆಯಿಂದ ಒಂದು ಕವಲು ಹೊರಟು ಗ್ಯಾಸ್ ಭಟ್ಟಿಯ ತಳದ ಕಡೆಗೂ ಹೋಗಿತ್ತು. ಅದರ ವಾಲ್ವ್ ಮುಚ್ಚಿ, ಚಕ್ರಕ್ಕೆ ತಂತಿ ಬಿಗಿದಿದ್ದರು. "ಇದ್ಯಾಕೆ ಮಾವ ಮುಚ್ಚಿದ್ದಾರೆ?" ಎಂದೆ. "ಹಿಂದಿನ ಮೇಸ್ತ್ರಿ ಮುಚ್ಚಿದ್ದು. ಯಾಕೋ ಏನೋ" ಎಂದ.

ಅಲ್ಲಿಗೆ ನನ್ನ ತಲೆ ಓಡಲು ಶುರುವಾಯಿತು. ಕಾಲೇಜು ಲೈಬ್ರರಿಯಲ್ಲಿ ಒಂದು ಪುಸ್ತಕ ಓದಿದ್ದೆ. 1828ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬೋಮಾಂಟ್ ನೀಲ್ಸನ್ ಎಂಬಾತ ಕಬ್ಬಿಣದ ಕುಲುಮೆಗೆ ಬಿಸಿಗಾಳಿ ಊದುವ ವಿಧಾನಕ್ಕೆ ಪೇಟೆಂಟ್ ಪಡೆದ. ಕ್ಲೈಡ್ ಕಾರ್ಖಾನೆಯಲ್ಲಿ ಗಾಳಿಯನ್ನು ಬರಿ 150 ಡಿಗ್ರಿಗೆ ಕಾಯಿಸಿದ್ದಕ್ಕೆ ಒಂದು ಟನ್ ಕಬ್ಬಿಣಕ್ಕೆ ಬೇಕಾಗಿದ್ದ ಎಂಟು ಟನ್ ಕಲ್ಲಿದ್ದಲು ಐದಕ್ಕೆ ಇಳಿಯಿತು. ಆಮೇಲೆ ಸೀಮೆನ್ಸ್ ಸಹೋದರರು ಬಂದರು. ಇಟ್ಟಿಗೆ ಜೋಡಿಸಿದ ಕೋಣೆಗಳ ಮೂಲಕ ಒಮ್ಮೆ ಹೊಗೆ, ಒಮ್ಮೆ ಗಾಳಿ ಹಾಯಿಸಿ, ಗ್ಯಾಸನ್ನೂ ಗಾಳಿಯನ್ನೂ ಎರಡನ್ನೂ ಕಾಯಿಸಿದರು. 1861ರಲ್ಲಿ ಅದು ಗಾಜಿನ ಕುಲುಮೆಗೆ ಬಂತು. 1862ರಲ್ಲಿ ಮುದುಕ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕೊಟ್ಟ ಕೊನೆಯ ಶುಕ್ರವಾರದ ಉಪನ್ಯಾಸ ಇದೇ ಕುಲುಮೆಯ ಮೇಲೆ. ಜೊತೆಗೆ ನಮ್ಮವರ ಲೆಕ್ಕವೂ ಗೊತ್ತಿತ್ತು. ಗಾಳಿಯನ್ನು 20 ಡಿಗ್ರಿ ಹೆಚ್ಚು ಕಾಯಿಸಿದರೆ ಇಂಧನದಲ್ಲಿ ನೂರಕ್ಕೆ ಒಂದರಷ್ಟು ಉಳಿತಾಯ.

ಸೇಠ್ ಮಾವನಿಗೆ ಒಂದು ಆಸೆ ತೋರಿಸಿದ್ದರು, ತಿಂಗಳಿಗೆ ಇಂತಿಷ್ಟು ಕಲ್ಲಿದ್ದಲು ಉಳಿಸಿದರೆ ಸಂಬಳದ ಮೇಲೆ ಇನಾಮು ಎಂದು. ನಾನು ಒಂದು ಚೀಟಿಯ ಮೇಲೆ ಲೆಕ್ಕ ಹಾಕಿ ತೋರಿಸಿದೆ. "ಬರ್ನರಿಗೆ ಬಿಸಿಗಾಳಿ ಕೊಟ್ರೆ ಲಾಭ ಅಂದ್ಮೇಲೆ ಭಟ್ಟಿಗೂ ಕೊಟ್ರೆ ಇನ್ನೂ ಲಾಭ ತಾನೆ ಮಾವ?" ಮಾವ ಚೀಟಿ ನೋಡಿದ, ನನ್ನ ಮುಖ ನೋಡಿದ. ಓದಿದ ಅಳಿಯ, ತನ್ನ ದುಡ್ಡಿನಲ್ಲಿ ಓದುತ್ತಿರುವ ಅಳಿಯ. "ನೀನು ಹೇಳಿದ್ಮೇಲೆ ಸರಿ" ಎಂದ. ಆ ಸಂಜೆ ಪಾಳಿಯಲ್ಲಿ ಹುಡುಗನಿಗೆ ಸನ್ನೆ ಮಾಡಿದ. ಅವನು ತಂತಿ ಬಿಚ್ಚಿ ಚಕ್ರವನ್ನು ಕಾಲು ಸುತ್ತು ತಿರುಗಿಸಿದ.

ಮೊದಲ ಎರಡು ಗಂಟೆ ಬಹಳ ಸೊಗಸು. ಗ್ಯಾಸ್ ಚೆನ್ನಾಗಿ ಬಂತು, ಕುಲುಮೆ ಬೆಳ್ಳಗೆ ಉರಿಯಿತು, ನಾನು ಕೈಕಟ್ಟಿ ಫ್ಯಾರಡೆಯ ಹಾಗೆ ನಿಂತಿದ್ದೆ. ಭಟ್ಟಿಯ ತಳಕ್ಕೆ ಹೋಗುವ ಗಾಳಿಗೆ ಒಂದು ಥರ್ಮಾಮೀಟರ್ ಇತ್ತು. ಅದು 55ರ ಸುಮಾರಿನಲ್ಲಿ ನಿಲ್ಲಬೇಕು ಎಂಬುದು ಮಾವನ ಪಾಠ. ಈಗ ಅದು 70 ದಾಟಿತು. "ಹಬೆ ಜಾಸ್ತಿ ಆಯ್ತು" ಎಂದು ಮಾವ ಅಭ್ಯಾಸದಂತೆ ಹಬೆಯ ವಾಲ್ವ್ ಇಳಿಸಿದ. ಇಳಿಯಲಿಲ್ಲ. ಇನ್ನೂ ಇಳಿಸಿದ. ನಾನೂ ತಲೆ ಆಡಿಸಿದೆ.

ಬೆಳಗಿನ ಜಾವಕ್ಕೆ ಭಟ್ಟಿ ಕೆಮ್ಮಲು ಶುರುಮಾಡಿತು. ಒಂದು ಕಡೆ ಗಾಳಿ ನುಗ್ಗುತ್ತದೆ, ಇನ್ನೊಂದು ಕಡೆ ಹೋಗುವುದೇ ಇಲ್ಲ. "ಕಿಟ್ಟ ಕಟ್ಟಿದೆ" ಎಂದ ಮಾವ. ಇದ್ದಿಲಿನ ಬೂದಿ ಕರಗಿ, ಅಂಟಿ, ಬಂಡೆಯಾಗಿತ್ತು. ಅದನ್ನು ಒಡೆಯುವುದು ಭಟ್ಟಿಯ ತಲೆಯ ಮೇಲೆ ನಿಂತು, ಸಣ್ಣ ತೂತುಗಳಿಂದ ಉದ್ದನೆಯ ಸಲಾಕೆ ಇಳಿಸಿ ಕುಟ್ಟುವ ಕೆಲಸ. ತೂತು ತೆಗೆದಾಗಲೆಲ್ಲ ಸ್ವಲ್ಪ ಗ್ಯಾಸ್ ಮುಖಕ್ಕೆ ಬರುತ್ತದೆ. ದಿನವೂ ಒಂದೆರಡು ನಿಮಿಷದ ಕೆಲಸ. ಅವತ್ತು ಒಂದು ಗಂಟೆಯಾದರೂ ಬಂಡೆ ಬಿರಿಯಲಿಲ್ಲ. ಮಾವ "ತಲೆ ಸಿಡೀತಿದೆ" ಎಂದ. ಆಮೇಲೆ ಸಲಾಕೆ ಹಿಡಿದುಕೊಂಡೇ ಮಂಡಿಯೂರಿ ಕೂತುಬಿಟ್ಟ.

ನಾನು ಕೆಳಗೆ ನಿಂತು ಕೂಗುತ್ತಿದ್ದೆ. ಏಣಿ ಹತ್ತಿದವನು ಆ ಹುಡುಗ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಮಾವನ ತೋಳಿನ ಕೆಳಗೆ ಕೈ ಹಾಕಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಬಯಲಿಗೆ ತಂದ. ಆ ಗ್ಯಾಸನ್ನು ಒದ್ದೆ ಬಟ್ಟೆ ತಡೆಯುವುದಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವನು ನಾನು ಏಣಿ ಹತ್ತಲಿಲ್ಲ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಮಾವ ಕಣ್ಣು ಬಿಟ್ಟ. ಮೂರು ದಿನ ಇಟ್ಟುಕೊಂಡರು.

ಅಷ್ಟರಲ್ಲಿ ಸೇಠ್ ಬಂದರು. ಭಟ್ಟಿ ನಿಂತು ನಷ್ಟವಾಗಿತ್ತು. ಬಿಚ್ಚಿದ ತಂತಿ ಅಲ್ಲೇ ಬಿದ್ದಿತ್ತು. "ವಾಲ್ವ್ ಕಿಸ್‌ನೇ ಖೋಲಾ?" ಎಂದರು. ಯಾರೋ ಹುಡುಗನ ಕಡೆ ಕೈ ತೋರಿಸಿದರು. ಚಕ್ರ ತಿರುಗಿಸಿದ್ದು ಅವನ ಕೈ ಎಂಬುದು ಸುಳ್ಳಲ್ಲ. ಹುಡುಗ ಏನೂ ಹೇಳಲಿಲ್ಲ. ಒಂದು ಸಲ ನನ್ನ ಕಡೆ ನೋಡಿದ. ಮೇಸ್ತ್ರಿಯ ಅಳಿಯ ಏನಾದರೂ ಹೇಳಬಹುದು ಎಂದಿದ್ದನೋ ಏನೋ. ನಾನು ನೆಲ ನೋಡುತ್ತಿದ್ದೆ. ಸಂಜೆಗೆ ಅವನ ಲೆಕ್ಕ ಚುಕ್ತಾ ಮಾಡಿದರು. ಕೋಣೆಗೆ ಬಂದು ಬಟ್ಟೆ ಗಂಟು ಕಟ್ಟಿದ, ಒಲೆಯ ಮೇಲಿದ್ದ ಅನ್ನ ನನಗೆ ಬಡಿಸಿಟ್ಟು ಹೊರಟ.

ಬಾಯಿ ಬಿಟ್ಟರೆ ಮಾವನ ಕೆಲಸ ಹೋಗುತ್ತದೆ, ಅದಕ್ಕೇ ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ನನ್ನ ಲೆಕ್ಕದ ಚೀಟಿ ತಪ್ಪು ಎಂದು ಹತ್ತು ಜನರ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಯಿತು, ಅಷ್ಟೆ.

ನಾಲ್ಕನೆಯ ದಿನ ಕೋಣೆಗೆ ಬಂದ ಮಾವ ಮೊದಲು ಕೇಳಿದ್ದು, "ಅವನೆಲ್ಲೋ?" ಹೇಳಿದೆ. ಬಹಳ ಹೊತ್ತು ಗೋಡೆ ನೋಡಿದ. "ನೀನು ಹೇಳ್ಲಿಲ್ವೇನೋ?" ಎಂದ. ಅದರ ಮೇಲೆ ಒಂದು ಮಾತಾಡಲಿಲ್ಲ. ಎದ್ದು ಹೋಗಿ ಸೇಠ್ ಹತ್ತಿರ, ತೆಗೆಸಿದ್ದು ನಾನೇ ಎಂದು ಹೇಳಿ ಬಂದ. ನನ್ನ ಹೆಸರು ಹೇಳಲಿಲ್ಲ. ಆ ಹೊತ್ತಿಗೆ ಬೇರೆ ಹುಡುಗ ಕೆಲಸಕ್ಕೆ ಬಂದಾಗಿತ್ತು. ಒಡಿಶಾದವರು ಇರುವ ಕೋಣೆಗಳಿಗೆಲ್ಲ ಅಲೆದ. ಅವನು ಊರಿಗೆ ಹೋದ ಎಂದರು.

ತಪ್ಪು ಎಲ್ಲಿತ್ತು ಎಂದು ತಿಳಿದದ್ದು ಎರಡು ವರ್ಷದ ಮೇಲೆ. ಬರ್ನರಿನಲ್ಲಿ ಗ್ಯಾಸ್ ಉರಿಯಬೇಕು, ಅಷ್ಟೇ. ಅಲ್ಲಿ ಗಾಳಿ ಕಾದಷ್ಟೂ ಒಳ್ಳೆಯದು. ಭಟ್ಟಿಯ ತಳದಲ್ಲಿ ಹಾಗಲ್ಲ. ಅಲ್ಲಿ ಗಾಳಿಯ ಜೊತೆ ಹೋಗುವ ಹಬೆ ಎರಡು ಕೆಲಸ ಮಾಡುತ್ತದೆ: ಜಲಜನಕ ಕೊಡುತ್ತದೆ, ಬೂದಿ ಕರಗದಂತೆ ಕೆಂಡದ ಬಿಸಿಯನ್ನು ಹದದಲ್ಲಿ ಇಡುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಬೇರೆ ವಿಪರೀತ. ಆ ಥರ್ಮಾಮೀಟರ್ ಇಟ್ಟದ್ದು ಬಿಸಿ ಅಳೆಯಲು ಎಂದು ನಾನು ತಿಳಿದಿದ್ದೆ. ನಿಜವಾಗಿ ಅದು ನೀರು ಅಳೆಯಲು. ತಣ್ಣನೆ ಗಾಳಿಗೆ ಹಬೆ ಬೆರೆಸಿ ತೇವ ತುಂಬಿಸಿದಾಗ 55 ಡಿಗ್ರಿ ಎಂದರೆ ಒಂದು ಕಿಲೋ ಗಾಳಿಗೆ ಸುಮಾರು 115 ಗ್ರಾಂ ನೀರು ಎಂದು ಅರ್ಥ. 30 ಡಿಗ್ರಿಯಲ್ಲಿ ಬರಿ 27 ಗ್ರಾಂ. ನಾವು ಒಣ ಬಿಸಿಗಾಳಿ ಬಿಟ್ಟೆವು. ಅಂಕಿ ಏರಿತು, ನೀರು ಏರಲಿಲ್ಲ. ಮಾವ ಅಂಕಿಯನ್ನು ನಂಬಿ ಇದ್ದ ನೀರನ್ನೂ ತೆಗೆದ. ಬಿಸಿಗಾಳಿ ಕೊಡಬಾರದು ಎಂದಲ್ಲ, ಕೊಟ್ಟರೆ ಹಬೆಯ ಲೆಕ್ಕವನ್ನು ಬೇರೆಯಾಗಿ ಇಡಬೇಕು. ಹಿಂದಿನ ಮೇಸ್ತ್ರಿ ತಂತಿ ಬಿಗಿದದ್ದು ಸುಮ್ಮನೆ ಅಲ್ಲ.

ತಮಾಷೆ ನೋಡಿ, ನೀಲ್ಸನ್‌ಗಿಂತ ಹಿಂದಿನವರು ಇದೇ ಗೊಂದಲಕ್ಕೆ ತಲೆಕೆಳಗಾಗಿ ಸಿಕ್ಕಿಬಿದ್ದಿದ್ದರು. ಚಳಿಗಾಲದಲ್ಲಿ ಕುಲುಮೆ ಚೆನ್ನಾಗಿ ನಡೆಯುತ್ತದೆ, ಆದ್ದರಿಂದ ತಣ್ಣನೆ ಗಾಳಿಯೇ ಒಳ್ಳೆಯದು ಎಂದು ನಂಬಿದ್ದರು. ಚಳಿಗಾಲದ ಗಾಳಿಯಲ್ಲಿ ತೇವ ಕಡಿಮೆ, ಗುಣ ಬಂದದ್ದು ಅದರಿಂದ. ಅವರೂ ನನ್ನ ಹಾಗೆ ಬಿಸಿಯನ್ನು ನೋಡಿದರು, ನೀರನ್ನು ನೋಡಲಿಲ್ಲ. ನೀಲ್ಸನ್ನನ ಕಥೆ ಓದಿದಾಗ ಆ ಪುಟವೂ ಪುಸ್ತಕದಲ್ಲಿ ಇತ್ತು. ನಾನು ದಾಟಿ ಹೋಗಿದ್ದೆ.

ಈಗ ನಾನು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತೇನೆ. ಕಲ್ಲಿದ್ದಲಿನ ಗ್ಯಾಸ್ ಭಟ್ಟಿಗಳ ಕಾಲ ಅಲ್ಲೂ ಮುಗಿಯುತ್ತಾ ಬಂದಿದೆ. ಅವುಗಳ ಡಾಂಬರು ನೀರು ಹಳ್ಳ ಹೊಲ ಕೆಡಿಸುತ್ತಿದೆ ಎಂದು 2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗುಜರಾತಿನ ಮೋರ್ಬಿಯ ಟೈಲ್ಸ್ ಕಾರ್ಖಾನೆಗಳಲ್ಲಿ ಅವನ್ನು ಮುಚ್ಚಲು ಹೇಳಿತು. ಆದರೆ ಗಾಳಿ ಕಾಯಿಸುವ ಪಾಠ ಹಳತಾಗಿಲ್ಲ, ಯಾವ ಇಂಧನಕ್ಕೂ ಅದು ಬೇಕು. ಆ ಪಾಠದ ದಿನ ಕೋಡೊಲೆಯಿಂದ ಶುರುಮಾಡುತ್ತೇನೆ, ಥರ್ಮಾಮೀಟರಿನಲ್ಲಿ ಮುಗಿಸುತ್ತೇನೆ. ಯಾರೋ ತಂತಿ ಬಿಗಿದ ವಾಲ್ವ್ ಕಂಡರೆ, ಬಿಗಿದವನನ್ನು ಹುಡುಕಿ ಕಾರಣ ಕೇಳಿ ಎನ್ನುತ್ತೇನೆ. ಹುಡುಗನ ವಿಷಯ ಮಾತ್ರ ತರಗತಿಯಲ್ಲಿ ಹೇಳಿಲ್ಲ.

ಮಾವ ಊರಿಗೆ ಬಂದು ಹತ್ತು ವರ್ಷದ ಮೇಲಾಯಿತು. ಈಗಲೂ ಒಮ್ಮೊಮ್ಮೆ ತಲೆ ಹಿಡಿದುಕೊಂಡು ಕೂರುತ್ತಾನೆ. ನನ್ನ ಫೀಸನ್ನು ಕೊನೆಯ ವರ್ಷದವರೆಗೂ ಕಟ್ಟಿದ, ಆ ಪ್ರಶ್ನೆಯನ್ನು ಎರಡನೆಯ ಸಲ ಕೇಳಲಿಲ್ಲ.

ಆ ಹುಡುಗನಿಗೆ ಕನ್ನಡ ಬಾರದು, ಈ ಸಂಚಿಕೆ ಅವನ ಕೈ ಸೇರುವುದೂ ಇಲ್ಲ. ಆದರೂ ಒಂದು ಕಡೆ ಬರೆದಿರಲಿ. ವಾಲ್ವ್ ತೆಗೆಯಲು ಹೇಳಿದವನು ನಾನು.