ಡಬ್ಬಿಯ ಮೇಲಿನ ಅಂಕಿ, ಕೈಯಲ್ಲಿರುವ ಫೋನು

ನಮ್ಮ ಕಾಲೇಜಿನೊಳಗೆ ಮೊಬೈಲ್ ತರುವಂತಿಲ್ಲ. ಆದರೆ ಅದರ ಬಗ್ಗೆ ಮಾತಾಡಬಾರದು ಎಂಬ ನಿಯಮವೇನೂ ಇಲ್ಲದ್ದರಿಂದ ಮಧ್ಯಾಹ್ನದ ಬಿಡುವಿನಲ್ಲಿ ಅದರದ್ದೇ ಚರ್ಚೆ. ಯಾರ ಮನೆಗಾದರೂ ಹೊಸ ಫೋನು ಬಂದರೆ ಮೊದಲ ಪ್ರಶ್ನೆ 'ರ್‍ಯಾಮ್ ಎಷ್ಟು?', ಎರಡನೆಯದು 'ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್?'. ಎಂಟು ಅಂದವನು ಆರು ಅಂದವನನ್ನು ನೋಡಿ ನಗುತ್ತಾನೆ. ಫೋನು ನಿಜವಾಗಿ ಹೇಗೆ ಓಡುತ್ತದೆ ಎಂದು ಕೇಳುವವರು ಕಡಿಮೆ.

ಈ ವರ್ಷ ಆ ಪ್ರಶ್ನೆ ನಮ್ಮ ಮನೆಗೂ ಬಂತು. ತಂಗಿ ಪ್ರಥಮ ಪಿಯುಸಿಗೆ ಸೇರಿದಳು. ಪಾಠದ ವಿಡಿಯೊ, ನೋಟ್ಸ್, ತರಗತಿಯ ವಾಟ್ಸ್ಆ್ಯಪ್ ಗುಂಪು ಎಲ್ಲದಕ್ಕೂ ಫೋನು ಬೇಕು. ಮನೆಯಲ್ಲಿ ಅವಳಿಗೆ ಕೊಡಲು ಇದ್ದದ್ದು 3 ಜಿಬಿ ರ್‍ಯಾಮ್‌ನ ಒಂದು ಹಳೆಯ ಫೋನು. ವಾಟ್ಸ್ಆ್ಯಪ್ ಒತ್ತಿ, ಒಂದು ಲೋಟ ನೀರು ಕುಡಿದು ಬಂದರೂ ಅದು ತೆರೆದಿರುತ್ತಿರಲಿಲ್ಲ. "8 ಜಿಬಿಯದ್ದು 12 ಸಾವಿರಕ್ಕೆ ಸಿಗುತ್ತದೆ, ತೆಗೆದುಕೊಳ್ಳಿ" ಎಂದ ಮಾಮನ ಮಗ. ಉಮ್ಮ ಬೀಡಿ ಕಟ್ಟಿ ಕೂಡಿಟ್ಟದ್ದರಲ್ಲಿ ಅಷ್ಟು ಹಣವಿತ್ತು. ಆದರೆ ಅದು ತಂಗಿಯ ಸಿಇಟಿ ಕೋಚಿಂಗಿಗೆಂದು ಇಟ್ಟ ಹಣ. ಉಪ್ಪ ನನ್ನ ಕಡೆ ತಿರುಗಿ, "ನೀನು ಕಂಪ್ಯೂಟರ್ ಸೈನ್ಸ್ ಕಲಿಯುವವನಲ್ಲವಾ, ಸರಿಯಾಗಿ ನೋಡಿ ಹೇಳು" ಎಂದರು.

ನೋಡಿದೆ. ಮೊದಲು ಆ '8 ಜಿಬಿ'ಯನ್ನೇ ನೋಡಿದೆ. ಜಾಹೀರಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ '4+4' ಎಂದಿತ್ತು. ನಿಜವಾದ ರ್‍ಯಾಮ್ ನಾಲ್ಕೇ. ಉಳಿದ ನಾಲ್ಕು 'ವರ್ಚುವಲ್ ರ್‍ಯಾಮ್', ಅಂದರೆ ಫೋಟೊ, ವಿಡಿಯೊ ಇಡುವ ಸ್ಟೋರೇಜಿನ ಒಂದು ಭಾಗವನ್ನು ರ್‍ಯಾಮ್‌ನಂತೆ ಬಳಸುವುದು. ರ್‍ಯಾಮ್ ನಾವು ಓದುವ ಮೇಜಾದರೆ ಸ್ಟೋರೇಜ್ ಪಕ್ಕದ ಕೋಣೆಯ ಕಪಾಟು. ಕಪಾಟಿನ ಒಂದು ಅರೆಗೆ 'ಇದೂ ಮೇಜು' ಎಂದು ಚೀಟಿ ಅಂಟಿಸಿದರೂ ಪ್ರತಿ ಸಲ ಎದ್ದು ಹೋಗುವುದು ತಪ್ಪುವುದಿಲ್ಲ.

ಮೇಜು ನಿಜವಾಗಿಯೇ ದೊಡ್ಡದಿದ್ದರೂ ಕೆಲಸ ಬೇಗ ಮುಗಿಯುತ್ತದೆ ಎನ್ನುವಂತಿಲ್ಲ. 2015ರಲ್ಲಿ ಬಂದ ಐಫೋನ್ 6ಎಸ್‌ನಲ್ಲಿ ಇದ್ದದ್ದು 2 ಜಿಬಿ ರ್‍ಯಾಮ್. ಅದೇ ವರ್ಷದ ಗ್ಯಾಲಕ್ಸಿ ನೋಟ್ 5ರಲ್ಲಿ 4 ಜಿಬಿ. ಅರ್ಧ ರ್‍ಯಾಮ್ ಇದ್ದರೂ ಐಫೋನ್ ನಿಧಾನ ಎನಿಸಲಿಲ್ಲ. ಆ್ಯಪಲ್ ತನ್ನ ಚಿಪ್ಪನ್ನೂ ಆಪರೇಟಿಂಗ್ ಸಿಸ್ಟಮ್ಮನ್ನೂ ತಾನೇ ರೂಪಿಸುತ್ತದೆ. ಹಿಂದೆ ಸರಿದ ಆ್ಯಪ್‌ಗಳನ್ನು ಬಿಗಿಯಾಗಿ ತಡೆದು ನಿಲ್ಲಿಸುತ್ತದೆ. ಆಂಡ್ರಾಯ್ಡ್ ಹಾಗಲ್ಲ. ಹತ್ತಾರು ಕಂಪನಿಗಳ ಸಾವಿರಾರು ಬಗೆಯ ಫೋನುಗಳಲ್ಲಿ ಅದು ಓಡಬೇಕು. ಅದರ ಮೇಲೆ ಪ್ರತಿ ಕಂಪನಿಯೂ ತನ್ನದೊಂದಿಷ್ಟು ಆ್ಯಪ್‌ಗಳನ್ನು ಹೇರುತ್ತದೆ.

ಇನ್ನೂ ಒಂದು ಉದಾಹರಣೆ ನನಗೆ ಬಹಳ ಹಿಡಿಸಿತು. 2018ರಲ್ಲಿ ಆ್ಯಪಲ್ ಐಒಎಸ್ 12 ಬಿಡುಗಡೆ ಮಾಡಿತು. ಅದು 2013ರ ಐಫೋನ್ 5ಎಸ್‌ಗೂ ಸಿಕ್ಕಿತು. ಹಳೆಯ ಐಫೋನ್ 6 ಪ್ಲಸ್‌ನಲ್ಲಿ ಆ್ಯಪ್‌ಗಳು ಶೇ. 40ರಷ್ಟು, ಕ್ಯಾಮೆರಾ ಶೇ. 70ರಷ್ಟು ಬೇಗ ತೆರೆಯಬಲ್ಲವು ಎಂದು ಕಂಪನಿ ಹೇಳಿಕೊಂಡಿತು. ಫೋನಿನ ಒಂದು ಸ್ಕ್ರೂ ಕೂಡ ಬದಲಾಗಿರಲಿಲ್ಲ. ಬದಲಾದದ್ದು ಸಾಫ್ಟ್‌ವೇರ್ ಮಾತ್ರ. ನಮ್ಮ ದೇಶದ ಉದಾಹರಣೆಯೂ ಇದೆ. ಜಿಯೋಫೋನಿನಲ್ಲಿ ಇದ್ದದ್ದು ಕೇವಲ 512 ಎಂಬಿ ರ್‍ಯಾಮ್. ಅದಕ್ಕೆ ಹೊಂದುವಂತೆ ಬರೆದ ವಾಟ್ಸ್ಆ್ಯಪ್ 2018ರಲ್ಲಿ ಅದರಲ್ಲೂ ಓಡಿತು.

ಇದರ ಗುಟ್ಟು ನಮ್ಮ ಪಠ್ಯದಲ್ಲೇ ಇದೆ. ಲೀನಿಯರ್ ಸರ್ಚ್, ಬೈನರಿ ಸರ್ಚ್ ಎಂದು ನಾವು ಬಾಯಿಪಾಠ ಮಾಡುತ್ತೇವಲ್ಲ, ಅದೇ. ಕ್ರಮವಾಗಿ ಜೋಡಿಸಿದ ಒಂದು ಲಕ್ಷ ಹೆಸರುಗಳಲ್ಲಿ ಒಂದನ್ನು ಮೊದಲಿನಿಂದ ಹುಡುಕುತ್ತ ಹೋದರೆ ಒಂದು ಲಕ್ಷ ಸಲ ಹೋಲಿಸಬೇಕಾಗಬಹುದು. ಪ್ರತಿ ಸಲ ಅರ್ಧ ಮಾಡುತ್ತ ಹುಡುಕಿದರೆ ಹೆಚ್ಚೆಂದರೆ 17 ಸಲ ಸಾಕು. ಪ್ರೊಸೆಸರ್ ಎರಡು ಪಟ್ಟು ವೇಗದ್ದಾದರೆ ಕೆಲಸದ ಸಮಯ ಅರ್ಧವಾಗುತ್ತದೆ ಅಷ್ಟೆ. ಒಳ್ಳೆಯ ಆಲ್ಗಾರಿದಮ್ ಕೆಲಸವನ್ನೇ ಸಾವಿರಾರು ಪಟ್ಟು ಇಳಿಸುತ್ತದೆ. ಪರೀಕ್ಷೆಯ ಐದು ಅಂಕಕ್ಕೆಂದು ಓದಿದ್ದು ಮನೆಯ ಹಣದ ಲೆಕ್ಕಕ್ಕೂ ಬಂತು.

ಆಮೇಲೆ ಹಳೆಯ ಫೋನನ್ನು ಕೈಗೆತ್ತಿಕೊಂಡೆ. 32 ಜಿಬಿ ಸ್ಟೋರೇಜಿನಲ್ಲಿ ಒಂದು ಜಿಬಿಯೂ ಖಾಲಿ ಇರಲಿಲ್ಲ. ಕುಟುಂಬದ ಗುಂಪಿನ ಮದುವೆ ವಿಡಿಯೊಗಳು, ಒಂದೇ ಶುಭಾಶಯದ ಹತ್ತು ಪ್ರತಿಗಳು. ಫ್ಲ್ಯಾಶ್ ಮೆಮೊರಿ ಹೊಸದನ್ನು ಬರೆಯುವ ಮೊದಲು ಹಳೆಯದನ್ನು ಅಳಿಸಿ ಜಾಗ ಮಾಡಿಕೊಳ್ಳಬೇಕು. ತುಂಬಿ ತುಳುಕುತ್ತಿದ್ದರೆ ಅದಕ್ಕೇ ಹೊತ್ತು ಹೋಗುತ್ತದೆ. ಬೇಕಾದ ಫೋಟೊಗಳನ್ನು ಪೆನ್‌ಡ್ರೈವಿಗೆ ಹಾಕಿ, ಫ್ಯಾಕ್ಟರಿ ರಿಸೆಟ್ ಮಾಡಿ, ಕಂಪನಿ ತುಂಬಿಸಿ ಕೊಟ್ಟಿದ್ದ ಆ್ಯಪ್‌ಗಳಲ್ಲಿ ತೆಗೆಯಲು ಬಂದಷ್ಟನ್ನು ತೆಗೆದೆ, ಉಳಿದವನ್ನು ನಿಷ್ಕ್ರಿಯ ಮಾಡಿದೆ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊಗಳು ತಾವಾಗಿಯೇ ಇಳಿಯುವುದನ್ನು ನಿಲ್ಲಿಸಿದೆ. ಈಗ ವಾಟ್ಸ್ಆ್ಯಪ್ ಮೂರು ಸೆಕೆಂಡಿನೊಳಗೆ ತೆರೆಯುತ್ತದೆ, ಪಾಠದ ವಿಡಿಯೊ ತಡೆಯಿಲ್ಲದೆ ಓಡುತ್ತದೆ.

ಹಾಗೆಂದು ಹಾರ್ಡ್‌ವೇರ್ ಲೆಕ್ಕಕ್ಕಿಲ್ಲ ಎಂದು ನಾನು ಹೇಳುತ್ತಿಲ್ಲ. ಸವೆದ ಬ್ಯಾಟರಿಯನ್ನು ಯಾವ ಸಾಫ್ಟ್‌ವೇರೂ ಹೊಸದು ಮಾಡಲಾರದು. ಅಗ್ಗದ ಫೋನುಗಳ ಇಎಂಎಂಸಿ ಸ್ಟೋರೇಜ್ ಯುಎಫ್ಎಸ್‌ಗಿಂತ ನಿಧಾನ; ಅದಕ್ಕೆ ಮದ್ದಿಲ್ಲ. ಇನ್ನೂ ಮುಖ್ಯವಾದದ್ದು, ನಮ್ಮ ಫೋನಿಗೆ ಸುರಕ್ಷತಾ ಅಪ್‌ಡೇಟ್ ನಿಂತು ಬಹಳ ದಿನವಾಗಿದೆ. ಆದ್ದರಿಂದ ಅದರಲ್ಲಿ ಯುಪಿಐ, ಬ್ಯಾಂಕಿನ ಆ್ಯಪ್ ಹಾಕಬಾರದು ಎಂದು ಮನೆಯಲ್ಲಿ ತೀರ್ಮಾನಿಸಿದ್ದೇವೆ. ಹಣದ ವ್ಯವಹಾರವೆಲ್ಲ ಉಪ್ಪನ ಫೋನಿನಲ್ಲಿ. ಇದು ಓದಲು ಮಾತ್ರ.

ಗೆಳೆಯರೇ, ನಿಮ್ಮ ಮನೆಯಲ್ಲೂ ಫೋನು ಕೊಳ್ಳುವ ಮಾತು ಬಂದರೆ ಅಂಗಡಿಯಲ್ಲಿ ಕೆಲವು ಪ್ರಶ್ನೆ ಕೇಳಿ. ನಿಜವಾದ ರ್‍ಯಾಮ್ ಎಷ್ಟು? ಸ್ಟೋರೇಜ್ ಯಾವ ಬಗೆಯದ್ದು? ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ? 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24 ಫೋನುಗಳಿಗೆ ಏಳು ವರ್ಷದ ಮಾತು ಕೊಟ್ಟಿದ್ದಾರೆ. ಅವು ನಮ್ಮ ಕೈಗೆಟಕುವ ಬೆಲೆಯವಲ್ಲ. ಆದರೆ ಕಡಿಮೆ ಬೆಲೆಯವುಗಳಲ್ಲೂ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿದೆ, ಕೇಳಿದರೆ ಗೊತ್ತಾಗುತ್ತದೆ. ಅದೇ ಮಾದರಿಯನ್ನು ಒಂದು ವರ್ಷ ಬಳಸಿದವರು ಸಿಕ್ಕರೆ ಅವರ ಫೋನನ್ನು ಐದು ನಿಮಿಷ ಕೈಯಲ್ಲಿ ಹಿಡಿದು ನೋಡಿ. ಜಾಹೀರಾತು ಹೇಳದ್ದನ್ನು ಅದು ಹೇಳುತ್ತದೆ.

ತಂಗಿಯ ಫೋನಿನ ಕ್ಯಾಮೆರಾ ಈಗಲೂ ತೆರೆಯಲು ಸ್ವಲ್ಪ ತಡಮಾಡುತ್ತದೆ, ಅವಳು ಗೊಣಗುವುದೂ ಇದೆ. 12 ಸಾವಿರ ಉಮ್ಮನ ಪೆಟ್ಟಿಗೆಯಲ್ಲಿದೆ. ಕೋಚಿಂಗಿನ ಮೊದಲ ಕಂತು ಮುಂದಿನ ತಿಂಗಳು ಕಟ್ಟಬೇಕು.