ಹುಮನಾಬಾದಿನ ನೆರಳಿನ ತೋಟ

ಬೀದರ ಜಿಲ್ಲೆ ಎಂದೊಡನೆ ಬಿಸಿಲು, ಬಾಡಿದ ಗಿಡ ಎಂದುಕೊಳ್ಳುವ ಸೋದರಿಯರೇ ಹೆಚ್ಚು. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸುಳ್ಳೇನಲ್ಲ. ಆದರೆ ಮನೆಯ ಉತ್ತರ ಗೋಡೆಯ ಬುಡದಲ್ಲಿ ಒಂದಿಷ್ಟು ನೆರಳು ಇದ್ದೇ ಇರುತ್ತದಲ್ಲ, ಅಷ್ಟು ಸಾಕು ಕೈತೋಟಕ್ಕೆ.

ನಮ್ಮದು ಬಸವಕಲ್ಯಾಣ. ಚಾಲುಕ್ಯರ ರಾಜಧಾನಿ, 12ನೇ ಶತಮಾನದಲ್ಲಿ ಬಸವಣ್ಣನವರಿದ್ದ ಊರು. ಕೋಟೆ, ತ್ರಿಪುರಾಂತ ಕೆರೆ ನೋಡಿಕೊಂಡು ಬಸ್ಸು ಹತ್ತಿ, ರಾಜೇಶ್ವರ ದಾಟಿದರೆ ಹುಮನಾಬಾದ ಬಂದೇ ಬಿಡುತ್ತದೆ. ವೀರಭದ್ರೇಶ್ವರನ ಗುಡಿ, ಹತ್ತಿರದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸನ್ನಿಧಿ. ದರ್ಶನ ಮುಗಿಸಿ ನಾನು ಹೋಗುವುದು ನಾದಿನಿಯ ಮನೆಗೆ.

ಆಕೆಯ ಅತ್ತೆ ಹಾಸಿಗೆ ಹಿಡಿದು 3 ವರ್ಷ. ಅವರ ಕಿಟಕಿಯಾಚೆ ಮೂರಡಿ ಅಗಲದ ನೆರಳಿನ ಜಾಗ. ಅಲ್ಲಿ ಶಹಾಬಾದ ಕಲ್ಲು ಹಾಸಿ ಮೋಟರ್ ಸೈಕಲ್ ನಿಲ್ಲಿಸಬೇಕೆಂದು ಗಂಡಸರ ಹಟ. ಇವಳು ಬಿಡಲಿಲ್ಲ. "ವೈನಿ, ಅತ್ತಿ ಹೊರಗ ಬರೋ ಹಂಗಿಲ್ಲ. ಹಸರೇ ಅವರ ಕಡಿ ಬರಲಿ ಅಂತ ಗಿಡ ಹಚ್ಚೀನಿ" ಎಂದಳು.

ಅಮೆರಿಕದಲ್ಲಿರುವ ಮೊಮ್ಮಗಳು ಅಜ್ಜಿಗೆ ಒಂದು ಚಿತ್ರ ಕಳಿಸಿದ್ದಳು. ಹೋಸ್ಟಾ ಎಂಬ ನೆರಳಿನ ಗಿಡ, ಅಂಗೈಗಿಂತ ಚಿಕ್ಕದಾದ ದಪ್ಪ ನೀಲಿ ಎಲೆ. ಹೆಸರು 'ಬ್ಲೂ ಮೌಸ್ ಇಯರ್ಸ್', ಅಂದರೆ ನೀಲಿ ಇಲಿಕಿವಿ! ಅಲ್ಲಿಯ ಬೆಳೆಗಾರರು 2008ರಲ್ಲಿ ಅದನ್ನೇ ವರ್ಷದ ಹೋಸ್ಟಾ ಎಂದು ಆರಿಸಿದ್ದರು. ಅಜ್ಜಿಗೆ ಅದೇ ಬೇಕು. ಆದರೆ ಜಪಾನ್, ಕೊರಿಯಾ, ಚೀನಾ ಮೂಲದ ಈ ಗಿಡ ಚಳಿಗಾಲದಲ್ಲಿ ಎಲೆ ಕಳೆದುಕೊಂಡು, ಕೊರೆಯುವ ಥಂಡಿಯಲ್ಲಿ ಕೆಲವು ವಾರ ಮಲಗಿ ಎದ್ದರೇನೇ ಚೆನ್ನಾಗಿ ಚಿಗುರುವುದು. ನಮ್ಮಲ್ಲಿ ಅಷ್ಟು ಥಂಡಿ ಎಲ್ಲಿ?

ಆ ನೀಲಿಯ ಗುಟ್ಟು ನಮಗೆ ಹೊಸದಲ್ಲ. ಎಕ್ಕೆ ಎಲೆಯನ್ನು ಬೆರಳಿನಿಂದ ಒರೆಸಿ ನೋಡಿ, ಬೂದಿಬಣ್ಣ ಹೋಗಿ ಹಸಿರು ಕಾಣುತ್ತದೆ. ಅದು ಮೇಣದ ಲೇಪ. ಹೋಸ್ಟಾದ್ದೂ ಹಾಗೆಯೇ, ಬಿಸಿಲು ಹೆಚ್ಚಾದರೆ ನೀಲಿ ಮಾಯ.

ನಾದಿನಿ ಅದರ ಬದಲು ಹಾವಿನ ಗಿಡದ ಗಿಡ್ಡ ಜಾತಿ ಹಚ್ಚಿದಳು. ಗೇಣುದ್ದ, ಹೂವಿನಂತೆ ಸುತ್ತಿಕೊಂಡ ಬೂದುಹಸಿರು ಎಲೆ. ನೀರು ಕಡಿಮೆ ಸಾಕು. ಹಸಿ ಇರುವ ಕಡೆ ಒಂದೆಲಗ, ತಂಬುಳಿಗೂ ಆಯಿತು.

ನೀವೂ ಹಚ್ಚುವಿರಾದರೆ: ಬುಡದ ಮರಿಯನ್ನು ಬೇರುಸಹಿತ ಬಿಡಿಸಿ, ಗಾಯ ಒಣಗಲು 2 ದಿನ ನೆರಳಲ್ಲಿಡಿ. 2 ಪಾಲು ಕೆಂಪುಮಣ್ಣು, 1 ಪಾಲು ಮರಳು, 1 ಪಾಲು ಹಳೇ ಗೊಬ್ಬರ. ಬರೀ ಎರೆಮಣ್ಣು ಬೇಡ, ನೀರು ಹಿಡಿದು ಬೇರು ಕೊಳೆಯುತ್ತದೆ. ಮಣ್ಣು ಪೂರಾ ಒಣಗಿದ ಮೇಲೆ ನೀರು. ಎಲೆಗಳ ನಡುವೆ ನಿಲ್ಲದಿರಲಿ. ಈ ಎಲೆ ಅಗಿದರೆ ಹೊಟ್ಟೆ ಕೆಡುತ್ತದೆ, ಕೂಸುಗಳಿಗೆ ಎಟುಕದಂತಿಡಿ.

ಈಗ ಹೊಸ ಮರಿ ಮೊಳೆತರೆ ಮನೆಮಂದಿಗೆಲ್ಲ ಮೊದಲು ಕೂಗಿ ಹೇಳುವವರು ಅಜ್ಜಿಯೇ. ಕಲ್ಲು ಹಾಸುವ ಮಾತನ್ನು ಗಂಡಸರೂ ಎತ್ತುತ್ತಿಲ್ಲ.