ಅರ್ಧ ಸುಡುತ್ತೆ ಕಣ್ರೋ

ಪತ್ರಿಕೋದ್ಯಮ ಓದುವಾಗ ನಾವು ಐದು ಜನ ಹಾಸ್ಟೆಲ್‌ನ ಒಂದೇ ರೂಮಿನಲ್ಲಿದ್ದೆವು. ಐವರೂ ಹಳ್ಳಿಯವರೇ. ಕೊನೇ ವರ್ಷದ ಮಳೆಗಾಲದಲ್ಲಿ ನಮಗೆ ಒಂದು ಆಟದ ಹುಚ್ಚು ಹಿಡಿಯಿತು. ಅದರ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಆಟ.

ಇದು ಮೊಬೈಲ್ ಗೇಮ್ ಅಲ್ಲ. ತಾಳಮದ್ದಳೆ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಪಾತ್ರವಾಗಿ ಮಾತಾಡಬೇಕು. ಭಾಗವತರ ಹಾಗೆ ಒಬ್ಬ ಕತೆ ನಡೆಸುತ್ತಾನೆ. ಆದರೆ ಇಲ್ಲಿ ಕತೆಯ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಗೋಡೆ ಹಾರಿದೆಯೋ, ಬಿದ್ದೆಯೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ.

ಆಟ ಶುರುವಾಗುವ ಮೊದಲು ನಮ್ಮ ಪಾತ್ರ ಯಾವ ವಂಶದ್ದು ಎಂದು ಆರಿಸಿಕೊಳ್ಳಬೇಕು. ಮನುಷ್ಯ, ಕುಳ್ಳ, ಎಲ್ಫ್ ಹೀಗೆ ಹಲವು ಇವೆ. ನಮ್ಮಲ್ಲೊಬ್ಬ ಟೀಫ್ಲಿಂಗ್ ಆರಿಸಿಕೊಂಡ.

ಟೀಫ್ಲಿಂಗ್ ಎಂದರೆ ಅರ್ಧ ಶಾಪ, ಅರ್ಧ ವರ. ಹಿಂದೆ ಯಾರೋ ಪೂರ್ವಜರು ಅಸ್ಮೋಡಿಯಸ್ ಎಂಬ ನರಕದ ಒಡೆಯನ ಜೊತೆ ಒಪ್ಪಂದ ಮಾಡಿಕೊಂಡರಂತೆ. ಅದರ ಗುರುತು ಹುಟ್ಟುವ ಮಗುವಿನ ಮೈಮೇಲೆ ಬರುತ್ತದೆ: ತಲೆಗೆ ಕೊಂಬು, ಹಿಂದೆ ಬಾಲ, ಪಾಪೆ ಕಾಣದ ಕಣ್ಣು. ಜೊತೆಗೆ ಶಕ್ತಿಯೂ ಬರುತ್ತದೆ. ಕತ್ತಲಲ್ಲಿ ಕಣ್ಣು ಕಾಣುತ್ತದೆ. ಬೇಕೆಂದಾಗ ದನಿಯನ್ನು ಮೂರು ಪಟ್ಟು ಜೋರು ಮಾಡಬಹುದು. ಬೆಂಕಿ ಉಳಿದವರಿಗೆ ಸುಟ್ಟಷ್ಟು ಸುಡುವುದಿಲ್ಲ. ಒಪ್ಪಂದ ಮಾಡಿಕೊಂಡವರು ಯಾರೋ, ಕೊಂಬು ಹೊತ್ತು ತಿರುಗುವವನು ಇವನು.

ಒಂದು ರಾತ್ರಿ ಆಟದಲ್ಲಿ ನಮ್ಮ ಗುಂಪು ಒಂದು ಹಳ್ಳಿಗೆ ಬಂತು. ಛತ್ರದವನು ಟೀಫ್ಲಿಂಗ್‌ನ ಕೊಂಬು ನೋಡಿ ಒಳಗೆ ಬಿಡಲಿಲ್ಲ. ನಾವು ಒಳಗೆ ಉಂಡು ಮಲಗಿದೆವು, ಅವನು ಹೊರಗೆ ಕೊಟ್ಟಿಗೆಯಲ್ಲಿ ಮಲಗಿದ. ಬೆಳಗಿನ ಜಾವ ಅದೇ ಛತ್ರಕ್ಕೆ ಬೆಂಕಿ ಬಿತ್ತು. ಒಳಗೆ ಒಂದು ಮಗು ಸಿಕ್ಕಿಕೊಂಡಿತ್ತು. ಊರವರೆಲ್ಲ ಟೀಫ್ಲಿಂಗ್ ಕಡೆ ತಿರುಗಿದರು. ನಾವೂ ತಿರುಗಿದೆವು.

“ನಿಂಗೇನಪ್ಪ, ಬೆಂಕಿ ಸುಡಲ್ಲ. ನೀನೇ ನುಗ್ಗು” ಅಂದೆವು.

ಅವನು ದಾಳ ಹಾಕಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅರ್ಧ ಸುಡುತ್ತೆ ಕಣ್ರೋ” ಅಂದ.

ನಿಯಮ ತೆಗೆದು ನೋಡಿದರೆ ಅವನು ಹೇಳಿದ್ದೇ ಸರಿ. ಬೆಂಕಿಯ ಪೆಟ್ಟು ಅರ್ಧಕ್ಕೆ ಇಳಿಯುತ್ತದೆ, ಇಲ್ಲವಾಗುವುದಿಲ್ಲ. ನಾಲ್ಕು ವಾರ ಆಡಿದರೂ ನಾವು ಅದನ್ನು ಗಮನಿಸಿರಲಿಲ್ಲ.

ಅವತ್ತು ಆಟ ಅಲ್ಲಿಗೇ ನಿಂತಿತು. ಅವನು ಅಪ್ಪನ ವಿಷಯ ಮಾತಾಡಿದ. ಅವರಪ್ಪ ತಮಟೆ ಬಾರಿಸುವವರು. ಸುತ್ತ ಹಳ್ಳಿಗೆಲ್ಲ ಹೆಸರುವಾಸಿ. ಜಾತ್ರೆಯಲ್ಲಿ ದೇವರ ಮುಂದೆ ಅವರೇ, ಆದರೆ ಗುಡಿಯ ಬಾಗಿಲು ಬಂದ ಕೂಡಲೇ ಹೊರಗೆ ನಿಲ್ಲುವವರೂ ಅವರೇ. ಊರಲ್ಲಿ ಯಾರಾದರೂ ತೀರಿಕೊಂಡರೆ ಜ್ವರವಿದ್ದರೂ ರಾತ್ರಿಯೇ ಹೋಗಬೇಕು. ಉರಿ ಹಾಕಿ, ತಮಟೆಯ ಚರ್ಮ ಕಾಯಿಸಿ, ಬೆಳಗಿನವರೆಗೆ ಬಾರಿಸಬೇಕು. ಅಂಗೈ ಒಡೆದು ರಕ್ತ ಬಂದರೂ ಜನ ಹೇಳುವ ಮಾತು ಒಂದೇ: “ಅವರಿಗೇನು ಬಿಡಿ, ರಕ್ತದಲ್ಲೇ ಬಂದಿದೆ.”

ಆ ಮಾತು ಕೇಳಿ ನಮಗೆ ಚುರುಕ್ ಎಂದಿತು. ಯಾಕೆಂದರೆ ಆ ವರ್ಷದ ಕಾಲೇಜು ಹಬ್ಬದಲ್ಲಿ ನಾವೂ ಅದನ್ನೇ ಹೇಳಿದ್ದೆವು. ಎಲ್ಲಿಂದಲೋ ಒಂದು ತಮಟೆ ತಂದು ಅವನ ಕೈಗೆ ಕೊಟ್ಟು, “ನಿಂಗೆ ಬರುತ್ತಲ್ಲ, ಬಾರಿಸು” ಅಂದಿದ್ದೆವು. ಅವನು ಒಲ್ಲೆ ಅಂದಾಗ ಸೊಕ್ಕು ಅಂದುಕೊಂಡು ಎರಡು ದಿನ ಮಾತು ಬಿಟ್ಟಿದ್ದೆವು. ಅವನಿಗೆ ತಮಟೆ ಬಾರಿಸಲು ಬರುತ್ತಲೇ ಇರಲಿಲ್ಲ. ಅವರಪ್ಪ ಮಗನಿಗೆ ಅದನ್ನು ಮುಟ್ಟಲೂ ಬಿಟ್ಟಿರಲಿಲ್ಲ. ತನ್ನ ಕಾಲಕ್ಕೇ ಮುಗಿಯಲಿ ಎಂಬುದು ಅವರ ಹಟ.

“ಬಿಟ್ರೆ ಅಪ್ಪನ ವಿದ್ಯೆ ಹೋಗುತ್ತೆ, ಹಿಡಿದ್ರೆ ಹೊರೆ ಹೋಗಲ್ಲ. ನಾನೇನ್ ಮಾಡ್ಲಿ?” ಅಂದ. ನಮ್ಮ ನಾಲ್ವರ ಹತ್ತಿರ ಉತ್ತರ ಇರಲಿಲ್ಲ.

ಹುಟ್ಟಿನಿಂದ ಬಂದದ್ದು ಅನ್ನುವುದು ಮೇಲ್ನೋಟಕ್ಕೆ ಹೊಗಳಿಕೆ. ಆದರೆ ಹಾಗೆ ಅಂದ ಕೂಡಲೇ ಕಲಿತ ವರ್ಷಗಳ ಲೆಕ್ಕ ಹೋಯಿತು, ಒಡೆದ ಅಂಗೈಯ ಲೆಕ್ಕವೂ ಹೋಯಿತು. ರಕ್ತದಲ್ಲೇ ಇರುವುದಕ್ಕೆ ಕೂಲಿ ಯಾಕೆ ಕೊಡಬೇಕು, ಧನ್ಯವಾದ ಯಾಕೆ ಹೇಳಬೇಕು?

ಆಟ ಮಾಡಿದವರಿಗೂ ಇದು ತಡವಾಗಿಯೇ ಹೊಳೆಯಿತು ಅನ್ನಿಸುತ್ತದೆ. 2014ರ ನಿಯಮ ಪುಸ್ತಕದಲ್ಲಿ ಟೀಫ್ಲಿಂಗ್ ಆಗಿ ಹುಟ್ಟಿದರೆ ಸಾಕು, ಮಾತಿನ ವರ್ಚಸ್ಸಿಗೆ ಎರಡು ಅಂಕ, ಬುದ್ಧಿಗೆ ಒಂದು ಅಂಕ ಹೆಚ್ಚಿಗೆ ಸಿಗುತ್ತಿತ್ತು. 2024ರ ಪುಸ್ತಕದಲ್ಲಿ ಆ ಅಂಕಗಳನ್ನು ಹುಟ್ಟಿನ ಪಟ್ಟಿಯಿಂದ ತೆಗೆದರು. ಈಗ ಅವು ಪಾತ್ರ ಹಿಂದೆ ಏನು ಮಾಡಿಕೊಂಡಿತ್ತು ಅನ್ನುವುದರಿಂದ ಬರುತ್ತವೆ: ರೈತನೋ, ಕುಶಲಕರ್ಮಿಯೋ, ಸಿಪಾಯಿಯೋ. ಕೊಂಬು ಹಾಗೇ ಉಳಿದಿದೆ. ಆದರೆ ಯೋಗ್ಯತೆ ಮಾಡಿದ ಕೆಲಸದಿಂದ ಬರುತ್ತದೆ. ಒಂದು ಆಟದ ಪುಸ್ತಕಕ್ಕೇ ಇಷ್ಟಕ್ಕೆ ಐವತ್ತು ವರ್ಷ ಹಿಡಿಯಿತು.

ಈಗ ನಾವೆಲ್ಲ ಬೇರೆ ಬೇರೆ ಊರಲ್ಲಿ ಕೆಲಸದಲ್ಲಿದ್ದೇವೆ. ಅವನನ್ನು ಕೇಳಿಯೇ ಇದನ್ನು ಬರೆದೆವು. ಹೆಸರು ಮಾತ್ರ ಬೇಡ ಅಂದ. ಹೋದ ಯುಗಾದಿಗೆ ಊರಿಗೆ ಹೋದಾಗ ಅಪ್ಪನ ಹತ್ತಿರ ಒಂದು ಗತ್ತು ಕಲಿಸಿಕೊಡಿ ಅಂದನಂತೆ. “ಯಾರಿಗೋಸ್ಕರ?” ಅಂತ ಅಪ್ಪ ಕೇಳಿದರಂತೆ. “ನಂಗೋಸ್ಕರ” ಅಂದನಂತೆ. ಅವರು ತುಂಬಾ ಹೊತ್ತು ಸುಮ್ಮನಿದ್ದು, ಆಮೇಲೆ ತಮಟೆ ಕೆಳಗಿಳಿಸಿದರಂತೆ. ಮೂರು ದಿನ ಬಾರಿಸಿದರೂ ಒಂದು ಗತ್ತು ಸರಿಯಾಗಿ ಕೂರಲಿಲ್ಲ ಎಂದು ಫೋನಿನಲ್ಲಿ ಹೇಳಿ ನಕ್ಕ.

ರಕ್ತದಲ್ಲಿದ್ದರೆ ಕೂರಬೇಕಿತ್ತಲ್ಲ!

ನಿಮ್ಮೂರಲ್ಲೂ ಇಂಥವರು ಇರುತ್ತಾರೆ. ಮುಂದಿನ ಸಲ ಅವರನ್ನು ಹೊಗಳುವಾಗ, ಇದನ್ನು ಕಲಿಯಲು ಎಷ್ಟು ವರ್ಷ ಬೇಕಾಯಿತು ಎಂದು ಒಂದು ಮಾತು ಕೇಳಿ. ಊಟದ ಹೊತ್ತಾಗಿದ್ದರೆ ಪಕ್ಕದಲ್ಲೇ ಎಲೆ ಹಾಕಿಸಿ.